ಭಕುತಿಯ ‘ಉ’, ಇಸ್ಕೂಲಿನ ‘ಇ’

ಮೂರನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಮನೆ ಕೆರೆ ಏರಿಯ ಆಚೆಗಿತ್ತು. ಮಂಡ್ಯ ಕಡೆಯ ಊರು ನಮ್ಮದು. ಒಂದು ದಿನ ಮೇಷ್ಟ್ರು ಅವನನ್ನು ಎಬ್ಬಿಸಿ, ನಿನ್ನೆ ಯಾಕೋ ಬರಲಿಲ್ಲ ಎಂದು ಕೇಳಿದರು. ಅವನು ಕೈಕಟ್ಟಿ ನಿಂತು ಹೇಳಿದ: “ಸಿಲೇಟು ಒಡ್ದೋಗಿತ್ತು ಸಾ, ಅದ್ಕೇ ಇಸ್ಕೂಲ್ಗೆ ಬರ್ಲಿಲ್ಲ.”

ಮೇಷ್ಟ್ರು ಸ್ಲೇಟಿನ ವಿಷಯ ಬಿಟ್ಟರು, ಇಸ್ಕೂಲನ್ನು ಹಿಡಿದುಕೊಂಡರು. “ಸ್ಕೂಲ್ ಅನ್ನು” ಎಂದರು. “ಇಸ್ಕೂಲ್” ಎಂದ. “ಇ ಬೇಡ, ಸ್ಕೂಲ್.” ಅವನು ಉಸಿರು ಬಿಗಿಹಿಡಿದು, ತುಟಿ ಒದ್ದೆ ಮಾಡಿಕೊಂಡು, ಮತ್ತೆ “ಇಸ್ಕೂಲ್” ಎಂದ. ಹತ್ತು ಸಲವಾದರೂ ಹೇಳಿಸಿರಬೇಕು. ಪ್ರತಿ ಸಲ ಆ ‘ಇ’ ಮೊದಲು ಬಂದು ನಿಲ್ಲುತ್ತಿತ್ತು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವನ ಕಿವಿ ಕೆಂಪಾಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದೇ ವಾರ ಶನಿವಾರ ರಾಮಮಂದಿರದಲ್ಲಿ ಭಜನೆ ಇತ್ತು. ಹಾಡಿದ್ದು ಆ ಹುಡುಗನ ತಾತ. ಓದು ಬರಹ ಬಾರದವರು, ಕಂಠ ಮಾತ್ರ ಕಂಚು. ‘ಭಕುತಿ’ ಎನ್ನುವಾಗ ಆ ನಡುವಿನ ‘ಕು’ವನ್ನು ಮೆಲ್ಲಗೆ ತೂಗಿ ಕೆಳಗಿಳಿಸುತ್ತಿದ್ದರು. ‘ಮುಕುತಿ’, ‘ಜನುಮ’, ‘ಮೂರುತಿ’ ಎಲ್ಲವೂ ಹಾಗೇ ಬಂದವು. ಮುಂದಿನ ಸಾಲಿನಲ್ಲಿ ನಮ್ಮ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತೊಡೆ ಮೇಲೆ ತಾಳ ಹಾಕುತ್ತಿದ್ದರು.

ಆಗ ನನಗೆ ಇದ್ಯಾವುದೂ ಹೊಳೆಯಲಿಲ್ಲ. ಈಗ ಕನ್ನಡ ಕರಡು ತಿದ್ದುವುದು ನನ್ನ ಕೆಲಸ. ಪದ್ಯದಲ್ಲಿ ‘ವರುಷ’ ಎಂದಿದ್ದರೆ ಮುಟ್ಟುವುದಿಲ್ಲ. ಗದ್ಯದಲ್ಲಿ ಅದೇ ‘ವರುಷ’ ಬಂದರೆ ‘ವರ್ಷ’ ಎಂದು ತಿದ್ದುತ್ತೇನೆ. ಹೀಗೆ ತಿದ್ದುತ್ತಾ ತಿದ್ದುತ್ತಾ ಒಂದು ದಿನ ಕೈ ನಿಂತಿತು. ತಾತನ ‘ಉ’ಗೆ ತಾಳ ಹಾಕಿದ ಊರು, ಮೊಮ್ಮಗನ ‘ಇ’ಗೆ ಯಾಕೆ ನಕ್ಕಿತು? ಎರಡೂ ಒಂದೇ ಕೆಲಸ ತಾನೇ ಮಾಡುತ್ತಿರುವುದು? ಒತ್ತಕ್ಷರ ಬಂದ ಕಡೆ ನಾಲಿಗೆ ಒಂದು ಸ್ವರವನ್ನು ತಂದು ಇಡುತ್ತದೆ, ಅಷ್ಟೇ.

ಇದಕ್ಕೆ ಹಳಬರು ಕೊಟ್ಟ ಹೆಸರು ಸ್ವರಭಕ್ತಿ. ಈ ಹೆಸರು ಕೇಳಿದಾಗ ನನಗೆ ಮೊದಲು ದೇವರ ಮನೆ ನೆನಪಾಗಿತ್ತು. ಆದರೆ ಇಲ್ಲಿ ಭಕ್ತಿ ಎಂದರೆ ಭಾಗ, ತುಣುಕು. ‘ವಿಭಕ್ತಿ’ಯಲ್ಲಿ ಇರುವುದೂ ಅದೇ. ಸ್ವರಭಕ್ತಿ ಎಂದರೆ ಸ್ವರದ ಒಂದು ಚೂರು. ವೇದ ಹೇಳುವ ಕ್ರಮವನ್ನು ಬರೆದಿಟ್ಟ ಪ್ರಾತಿಶಾಖ್ಯಗಳಲ್ಲಿ ಇದರ ಮಾತಿದೆ. ‘ರ್’ ಆದಮೇಲೆ ಶ, ಷ, ಹ ಇಂಥ ಅಕ್ಷರ ಬಂದರೆ ನಡುವೆ ಸ್ವರದ ಒಂದು ಚೂರು ಕೇಳಿಸುತ್ತದೆ, ಅದು ಒಂದು ಮಾತ್ರೆಯಷ್ಟೂ ಇರುವುದಿಲ್ಲ, ಅರ್ಧ ಅಥವಾ ಇನ್ನೂ ಕಡಿಮೆ ಎಂದು ಅಳೆದು ಹೇಳಿದ್ದಾರೆ. ಈಗ ನಮ್ಮ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿ. ವರ್ಷ ವರುಷ, ಹರ್ಷ ಹರುಷ, ದರ್ಶನ ದರುಶನ, ಅರ್ಹ ಅರುಹ. ವೇದ ಓದುವವರ ಬಾಯಲ್ಲಿ ಆ ಚೂರು ಇಣುಕಿದ ಜಾಗದಲ್ಲೇ ನಮ್ಮ ತಾತಂದಿರ ಬಾಯಲ್ಲಿ ಪೂರ್ತಿ ‘ಉ’ ಬಂದು ಕೂತಿದೆ.

ಇನ್ನೊಂದು ಚೆಂದ ಇದೆ. ‘ಭಕ್ತಿ’ ಎಂಬ ಮಾತಿಗೆ ಸ್ವರಭಕ್ತಿ ಆದರೆ ‘ಭಕುತಿ’. ಹೆಸರಿನೊಳಗೇ ಆ ಕೆಲಸ ನಡೆಯುತ್ತದೆ.

ಪಾಳಿ ಭಾಷೆಯಲ್ಲಂತೂ ಇದು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ರತ್ನ ಅಲ್ಲಿ ರತನ, ಪದ್ಮ ಅಲ್ಲಿ ಪದುಮ, ಆರ್ಯ ಅಲ್ಲಿ ಅರಿಯ, ಶ್ರೀ ಅಲ್ಲಿ ಸಿರೀ. ಪದುಮ ಮತ್ತು ಸಿರಿ ನಮ್ಮ ಮನೆ ಮಾತುಗಳೂ ಹೌದು. ನವೆಂಬರ್ ಬಂದರೆ ಊರೂರಲ್ಲೂ ‘ಸಿರಿಗನ್ನಡಂ ಗೆಲ್ಗೆ’ ಎಂದು ಬ್ಯಾನರ್ ಕಟ್ಟುತ್ತೇವೆ. ಆ ‘ಸಿರಿ’ಯ ‘ಸಿ’ಯಲ್ಲಿರುವ ‘ಇ’ ಶ್ರೀಯಲ್ಲಿ ಇರಲಿಲ್ಲ. ನಮ್ಮ ನಾಲಿಗೆ ತಂದಿಟ್ಟದ್ದು. ಆಮೇಲೆ ಅದಕ್ಕೆ ತನ್ನದೇ ಬದುಕು ಬಂತು. ಸಿರಿವಂತ ಎನ್ನುತ್ತೇವೆ, ಹೆಣ್ಣುಮಗುವಿಗೆ ಸಿರಿ ಎಂದು ಹೆಸರಿಡುತ್ತೇವೆ.

ಸೇರಿದ ಸ್ವರದಿಂದ ಅರ್ಥವೇ ಹೊಸದಾಗಿ ಹುಟ್ಟಿದ್ದೂ ಉಂಟು. ಸಂಸ್ಕೃತದಲ್ಲಿ ‘ಅರ್ಹತ್’ ಎಂದರೆ ಪೂಜೆಗೆ ತಕ್ಕವನು. ಪ್ರಾಕೃತಕ್ಕೆ ಬಂದಾಗ ಆ ‘ರ್ಹ’ ಒಡೆಯಬೇಕಾಯಿತು. ಕೆಲವರು ‘ಅ’ ಇಟ್ಟರು, ಅರಹಂತ ಆಯಿತು. ಕೆಲವರು ‘ಉ’ ಇಟ್ಟರು, ಅರುಹಂತ ಆಯಿತು. ಕೆಲವರು ‘ಇ’ ಇಟ್ಟರು, ಅರಿಹಂತ. ಒಡಿಶಾದ ಉದಯಗಿರಿಯಲ್ಲಿ ಖಾರವೇಲ ರಾಜನ ಹಾಥಿಗುಂಫಾ ಶಾಸನ ಶುರುವಾಗುವುದೇ ‘ನಮೋ ಅರಹಂತಾನಂ’ ಎಂದು. ಇವತ್ತು ಜೈನರ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ‘ಅರಿಹಂತಾಣಂ’. ‘ಇ’ ಸೇರಿದ ಮೇಲೆ ಆ ಹೆಸರಿನೊಳಗೆ ‘ಅರಿ’ ಕಾಣಿಸಿತು, ಅಂದರೆ ಶತ್ರು. ಒಳಗಿನ ಶತ್ರುಗಳನ್ನು ಕೊಂದವನು ಎಂಬ ವಿವರಣೆ ಬಂತು. ಎಷ್ಟು ದೊಡ್ಡ ಅರ್ಥ ಅಲ್ವಾ! ನಮ್ಮ ಹಳೆಯ ಕನ್ನಡ ಕಾವ್ಯಗಳು ‘ಉ’ ಹಿಡಿದವು. ಅಲ್ಲಿ ಜಿನನಿಗೆ ‘ಅರುಹ’ ಎಂಬ ಹೆಸರಿದೆ.

13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಸಂಸ್ಕೃತದ ಮಾತು ಕನ್ನಡವಾಗುವ ಬಗೆಗೆ ಒಂದು ಅಧ್ಯಾಯವನ್ನೇ ಇಟ್ಟ. ಅದರ ಹೆಸರು ಅಪಭ್ರಂಶ ಪ್ರಕರಣ. ಅಪಭ್ರಂಶ ಎಂದರೆ ಜಾರಿ ಬಿದ್ದದ್ದು. ಹೆಸರು ಹಾಗಿದ್ದರೂ ಅವನು ಆ ಮಾತುಗಳನ್ನು ಹೊರಗೆ ಹಾಕಲಿಲ್ಲ. ಯಾವ ಅಕ್ಷರ ಏನಾಗುತ್ತದೆ ಎಂದು ಒಂದೊಂದಾಗಿ ನೋಡಿ ಸೂತ್ರ ಕಟ್ಟಿದ. ಕವಿಗಳು ಬಳಸಬೇಕಾದ ಮಾತು ಎಂದು ನಂಬಿಯೇ ಹಾಗೆ ಮಾಡಿದ ಎಂದು ನನಗನ್ನಿಸುತ್ತದೆ.

ಕವಿಗಳಿಗೆ ಇದರಿಂದ ಏನು ಅನುಕೂಲ? ಶಾಲೆಯಲ್ಲಿ ಕಲಿತ ಲಘು, ಗುರು ನೆನಪು ಮಾಡಿಕೊಳ್ಳಿ. ‘ಭಕ್ತಿ’ಯಲ್ಲಿ ಒತ್ತಕ್ಷರದ ಹಿಂದಿನ ‘ಭ’ ಗುರು, ಎರಡು ಮಾತ್ರೆ. ‘ಕ್ತಿ’ ಲಘು, ಒಂದು ಮಾತ್ರೆ. ಒಟ್ಟು ಮೂರು. ‘ಭಕುತಿ’ಯಲ್ಲಿ ಮೂರೂ ಲಘು. ಅಲ್ಲೂ ಒಟ್ಟು ಮೂರು! ಒಂದು ಅಕ್ಷರ ಜಾಸ್ತಿ ಆಯಿತು, ಆದರೆ ತೂಕ ಒಂದು ಗುಲಗಂಜಿಯಷ್ಟೂ ಏರಲಿಲ್ಲ. ಮುಕ್ತಿ ಮುಕುತಿ, ಹರ್ಷ ಹರುಷ, ಪದ್ಮ ಪದುಮ, ಜನ್ಮ ಜನುಮ ಎಲ್ಲವೂ ಹೀಗೇ. ಇದನ್ನು ಮೊದಲ ಸಲ ಬೆರಳು ಮಡಚಿ ಎಣಿಸಿದಾಗ ನನಗೆ ಆದ ಖುಷಿ ಹೇಳತೀರದು.

ಆದರೆ ಮೊದಲ ಅಕ್ಷರ ದೀರ್ಘವಾಗಿದ್ದರೆ ಲೆಕ್ಕ ಬದಲಾಗುತ್ತದೆ. ‘ಕೀರ್ತಿ’ ಮೂರು ಮಾತ್ರೆ. ‘ಕೀರುತಿ’ ಎಂದರೆ ಎರಡು, ಒಂದು, ಒಂದು, ಒಟ್ಟು ನಾಲ್ಕು. ಮೂರ್ತಿ ಮೂರು, ಮೂರುತಿ ನಾಲ್ಕು. ಭಾಮಿನಿ ಷಟ್ಪದಿಯ ನಡಿಗೆ ಮೂರು, ನಾಲ್ಕು, ಮೂರು, ನಾಲ್ಕು. ಚಿಕ್ಕ ಸಾಲಿಗೆ ಹದಿನಾಲ್ಕು ಮಾತ್ರೆ, ಮೂರನೆಯ ಮತ್ತು ಆರನೆಯ ದೊಡ್ಡ ಸಾಲಿಗೆ ಇಪ್ಪತ್ಮೂರು. ಇಂಥ ಸಾಲನ್ನು ಸಾವಿರಗಟ್ಟಲೆ ಕಟ್ಟುವ ಕವಿಗೆ ಒಂದೇ ಮಾತು ಎರಡು ಅಳತೆಯಲ್ಲಿ ಸಿಕ್ಕರೆ ಬೇರೇನು ಬೇಕು? ಮೂರರ ಜಾಗ ಖಾಲಿ ಇದ್ದರೆ ಕೀರ್ತಿ, ನಾಲ್ಕರ ಜಾಗ ಇದ್ದರೆ ಕೀರುತಿ.

ಹಾಡುವವರಿಗೆ ಬೇರೆ ಕಾರಣ. ‘ಕ್’ ಮೇಲೆ ರಾಗ ಎಳೆಯಲು ಆಗುವುದಿಲ್ಲ. ಅಲ್ಲಿ ಗಂಟಲು ಮುಚ್ಚಿರುತ್ತದೆ. ‘ಕು’ ಮೇಲೆ ಎಷ್ಟು ಬೇಕಾದರೂ ನಿಲ್ಲಬಹುದು. ಆ ತಾತ ನಿಂತದ್ದು ಅಲ್ಲೇ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಕನ್ನಡದ ನಾಲಿಗೆ ಒತ್ತಕ್ಷರವನ್ನು ಒಡೆಯುತ್ತದೆ ಎಂದು ಇಷ್ಟು ಹೊತ್ತು ಹೇಳಿದೆ. ಅದೇ ನಾಲಿಗೆ ಹೊಸ ಒತ್ತಕ್ಷರಗಳನ್ನು ಮಾಡುತ್ತಲೂ ಇದೆ. ಕೆಲಸ ಕೆಲ್ಸ ಆಗುತ್ತದೆ, ಹೆಸರು ಹೆಸ್ರು, ಕುದುರೆ ಕುದ್ರೆ, ಮಾಡಿದರೆ ಮಾಡಿದ್ರೆ. ಭಜನೆಯಲ್ಲಿ ‘ವರುಷ’ ಎಂದು ಹಾಡಿದವರೇ ಜಗಲಿಗೆ ಬಂದು ಕೂತರೆ ‘ಹತ್ ವರ್ಸ ಆಯ್ತು’ ಎನ್ನುತ್ತಾರೆ. ಹಾಗಾದರೆ ಯಾವುದು ನಿಜ? ನನಗೆ ಕಾಣುವಂತೆ ಮಾತಿನ ನಡುವಿನ ಒತ್ತು ನಮ್ಮ ನಾಲಿಗೆಗೆ ಅಷ್ಟೇನೂ ಕಷ್ಟವಲ್ಲ. ಅಲ್ಲಿ ಸ್ವರ ಸೇರಿಸುವುದು ಹೆಚ್ಚಾಗಿ ಹಾಡಿನ ಸಲುವಾಗಿ, ನಿಧಾನದ ಸಲುವಾಗಿ. ನಿಜವಾಗಿ ನಾಲಿಗೆ ಎಡವುವುದು ಮಾತಿನ ಎರಡು ತುದಿಗಳಲ್ಲಿ. ಶುರುವಿನಲ್ಲಿ ಒತ್ತಕ್ಷರ ಇರಬಾರದು, ಕೊನೆಯಲ್ಲಿ ಬರೀ ವ್ಯಂಜನ ಉಳಿಯಬಾರದು.

ಕೊನೆಯದನ್ನು ಮೊದಲು ನೋಡೋಣ. ನನ್ನ ದಿನದ ಕೆಲಸ ಇರುವುದೇ ಅಲ್ಲಿ.

ಹಳಗನ್ನಡದಲ್ಲಿ ಕಣ್, ಕಲ್, ಪಲ್, ಮಣ್, ಕಾಲ್, ನೀರ್, ಊರ್, ಪಾಲ್ ಎಂದೆಲ್ಲ ಇದ್ದವು. ಬರುಬರುತ್ತಾ ಕೊನೆಗೆ ‘ಉ’ ಸೇರಿತು. ಸೇರುವಾಗ ಒಂದು ಕ್ರಮ ಇತ್ತು. ಹಿಂದಿನ ಸ್ವರ ಗಿಡ್ಡವಾಗಿದ್ದರೆ ವ್ಯಂಜನ ಇಮ್ಮಡಿಯಾಯಿತು. ಕಣ್ಣು, ಕಲ್ಲು, ಹಲ್ಲು, ಮಣ್ಣು. ಹಿಂದಿನ ಸ್ವರ ಉದ್ದವಾಗಿದ್ದರೆ ಹಾಗೇ ಉಳಿಯಿತು. ಕಾಲು, ನೀರು, ಊರು, ಹಾಲು. ‘ಯ್’ ಕೊನೆಗೆ ಇದ್ದರೆ ‘ಉ’ ಬದಲು ‘ಇ’. ನಾಯಿ, ತಾಯಿ, ಬಾಯಿ, ಕಾಯಿ.

ಈಗ ಇಂಗ್ಲಿಷಿನಿಂದ ಬಂದ ಮಾತುಗಳನ್ನು ತೆಗೆದುಕೊಳ್ಳಿ. ಬಸ್ಸು, ಪೆನ್ನು, ಟಿನ್ನು, ಬೆಡ್ಡು. ಕಾರು, ರೋಡು, ಜೀಪು, ಸೋಪು, ಫೋನು. ಯಾರು ಕಲಿಸಿದರು ಇದನ್ನು? ಬಸ್ಸಿಗೆ ಎರಡು ‘ಸ’, ಕಾರಿಗೆ ಒಂದೇ ‘ರ’ ಎಂದು ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಕಲ್ ಕಲ್ಲಾದ ದಾರಿಯಲ್ಲೇ ಬಸ್ ಬಸ್ಸಾಯಿತು, ನೀರ್ ನೀರಾದ ದಾರಿಯಲ್ಲೇ ಕಾರ್ ಕಾರಾಯಿತು. ಮೊನ್ನೆ ತರಕಾರಿ ಅಂಗಡಿಯ ಅಮ್ಮ “ಆ್ಯಪ್ಪಲ್ಲಿ ದುಡ್ಡು ಬಂದಿಲ್ಲ ನೋಡಪ್ಪ” ಎಂದರು. ಮೊನ್ನೆ ಮೊನ್ನೆ ಬಂದ ಮಾತು ಅದು. ಅದಕ್ಕೂ ಎರಡು ‘ಪ’ ಬಿದ್ದಾಗಿದೆ. ಲಿಂಕು, ಚಾಟು, ಬ್ಲಾಗು ಎಲ್ಲವೂ ಇದೇ ಸಾಲಿನಲ್ಲಿವೆ. ನನಗೆ ‘ಇಸ್ಕೂಲು’ ತಪ್ಪು ಎಂದು ಕಲಿಸಿದ ‘ಮೇಷ್ಟ್ರು’ ಎಂಬ ಮಾತಿನ ಕೊನೆಯಲ್ಲೂ ಆ ‘ಉ’ ಇದೆ.

ಈ ‘ಉ’ ಸುಮ್ನೆ ಕೂತಿಲ್ಲ. ವಿಭಕ್ತಿ ಬಂದು ಕೂರಲು ಅದು ಜಾಗ ಮಾಡಿಕೊಡುತ್ತದೆ. ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸಿನಿಂದ. ಈಚೆಗೆ ಪತ್ರಿಕೆಗಳಲ್ಲೂ ಜಾಲತಾಣಗಳಲ್ಲೂ ‘ಬಸ್‌ಗೆ’, ‘ಬಸ್‌ನಲ್ಲಿ’, ‘ಕೋರ್ಟ್‌ಗೆ’, ‘ಬ್ಯಾಂಕ್‌ನಿಂದ’ ಎಂದು ಬರೆಯುವುದು ರೂಢಿಯಾಗಿದೆ. ನನ್ನ ಮುಂದೆ ಬರುವ ಕರಡುಗಳಲ್ಲಿ ದಿನಕ್ಕೆ ನೂರಾರು ಇರುತ್ತವೆ. ಆಡುವಾಗ ‘ಕೋರ್ಟಿಗೆ ಹೋಗಿದ್ದೆ’ ಎನ್ನುವವರೇ ಬರೆಯುವಾಗ ‘ಕೋರ್ಟ್‌ಗೆ’ ಎಂದು ಬರೆಯುತ್ತಾರೆ. ನನಗೆ ಇದು ನೋವು ಕೊಡುತ್ತದೆ. ಬಾಯಿಗೆ ಗೊತ್ತಿರುವುದನ್ನು ಕೈ ಮರೆತ ಹಾಗೆ ಕಾಣುತ್ತದೆ. ಪತ್ರಿಕೆಯ ಅಥವಾ ಪ್ರಕಾಶಕರ ಬರವಣಿಗೆಯ ನಿಯಮ ಅಡ್ಡ ಬಾರದ ಕಡೆಯಲ್ಲೆಲ್ಲ ನಾನು ‘ಬಸ್ಸಿಗೆ’, ‘ಕೋರ್ಟಿಗೆ’ ಎಂದೇ ತಿದ್ದುತ್ತೇನೆ.

ಎರಡು ಸ್ವರ ಎದುರಾದಾಗ ಬರುವ ಯ, ವ ಎಲ್ಲರಿಗೂ ಗೊತ್ತು. ಮನೆಯಲ್ಲಿ, ಹೂವನ್ನು. ಪರೀಕ್ಷೆಗೆ ಬಾಯಿಪಾಠ ಮಾಡಿದ ಆಗಮ ಸಂಧಿ ಅದು. ಆದರೆ ಸಂಧಿಯೇ ಇಲ್ಲದ ಕಡೆ, ಮಾತಿನ ಶುರುವಿನಲ್ಲೂ ಈ ಯ, ವ ಇಣುಕುತ್ತವೆ. ಎಮ್ಮೆ ಯಮ್ಮೆ ಆಗುತ್ತದೆ, ಒಂದು ವೊಂದು ಆಗುತ್ತದೆ, ಎಂಎಲ್ಎ ಸಾಹೇಬರು ಊರಿಗೆ ಬಂದರೆ ಯಮ್ಮೆಲ್ಲೆ. ಇದನ್ನು ಈಗಿನವರ ಅಸಡ್ಡೆ ಎನ್ನುವ ಹಾಗಿಲ್ಲ. ವಿಜಯನಗರದ ಕಾಲದ ಶಾಸನಗಳಲ್ಲಿ ‘ಈ ಧರ್ಮ’ ಎನ್ನಬೇಕಾದ ಕಡೆ ‘ಯೀ ಧರ್ಮ’ ಎಂದು ಕೆತ್ತಿರುವುದು ಸಾಮಾನ್ಯ. ಬಾಯಲ್ಲಿದ್ದ ಸದ್ದು ಉಳಿಯ ತುದಿಗೆ ಬಂದು ಕಲ್ಲಿನಲ್ಲಿ ನಿಂತಿದೆ.

ಇನ್ನು ಆ ಹುಡುಗನ ಮಾತಿಗೆ ಬರುತ್ತೇನೆ. ಸಿಲೇಟು, ಇಸ್ಕೂಲು. ಒಂದೇ ಉಸಿರಿನಲ್ಲಿ ಎರಡೂ ಹೇಳಿದ್ದ. ಎರಡೂ ‘ಸ್’ನಿಂದ ಶುರುವಾಗುವ ಮಾತುಗಳೇ. ಆದರೆ ಒಂದರಲ್ಲಿ ‘ಇ’ ಒಳಗೆ ನುಗ್ಗಿತು, ಇನ್ನೊಂದರಲ್ಲಿ ಮುಂದೆ ಬಂದು ನಿಂತಿತು. ‘ಸಿಕೂಲು’ ಎಂದವರನ್ನು ನಮ್ಮೂರಲ್ಲಿ ನಾನು ಕೇಳಿಲ್ಲ. ‘ಇಸ್ಲೇಟು’ ಎಂದವರನ್ನೂ ಕೇಳಿಲ್ಲ. ಗಿಲಾಸು, ಕಿಲಾಸು, ಪಿಲೇಟು, ಬಿರೆಡ್ಡು ಒಂದು ಗುಂಪು. ಇಸ್ಟೇಷನ್ನು, ಇಸ್ಟೋವು, ಇಸ್ಕೂಟರು ಇನ್ನೊಂದು ಗುಂಪು. ಎರಡನೇ ಅಕ್ಷರ ಲ, ರ ಆಗಿದ್ದರೆ ಬಾಯಿ ಆಗಲೇ ತೆರೆದುಕೊಳ್ಳುತ್ತಿರುತ್ತದೆ. ನಡುವೆ ಒಂದು ಸಣ್ಣ ಸ್ವರ ಸದ್ದಿಲ್ಲದೆ ಸೇರಿಕೊಳ್ಳಬಹುದು. ಕ, ಟ, ಪ ಬಂದರೆ ಗಾಳಿ ಪೂರ್ತಿ ನಿಲ್ಲುತ್ತದೆ. ‘ಸ್’ ಮತ್ತು ‘ಕ’ ಬಿಗಿಯಾಗಿ ಅಂಟಿಕೊಂಡಿರುತ್ತವೆ. ನಡುವೆ ಸ್ವರ ಹಾಕಿದರೆ ಮಾತಿನ ರೂಪವೇ ಕೆಡುತ್ತದೆ. ಅದಕ್ಕೇ ನಾಲಿಗೆ ಆ ಜೋಡಿಯನ್ನು ಮುಟ್ಟದೆ ಮುಂದೆ ಒಂದು ‘ಇ’ ಇಡುತ್ತದೆ. ಎಂಟು ವರ್ಷದ ಹುಡುಗ ಇಷ್ಟನ್ನೂ ಯೋಚಿಸದೆ, ಒಂದು ಸಲವೂ ತಪ್ಪದೆ ಮಾಡಿದ. ಈಜಿಪ್ಟಿನ ಅರಬ್ಬಿ ಆಡುವವರೂ ಹೀಗೇ ಮಾಡುತ್ತಾರೆ. ಅವರ ಬಾಯಲ್ಲಿ ಪ್ಲಾಸ್ಟಿಕ್ ಬಿಲಾಸ್ತಿಕ್ ಆಗುತ್ತದೆ, ಸ್ಟಡಿ ಇಸ್ತಡಿ ಆಗುತ್ತದೆ.

ಪಾಳಿಯಲ್ಲಿ ‘ಸ್ತ್ರೀ’ ಏನಾಯಿತು ಗೊತ್ತಾ? ‘ಇತ್ಥಿ’. ಮುಂದೆ ‘ಇ’ ಬಂತು, ಆಮೇಲೆ ‘ಸ್’ ಕರಗಿತು. ಬೌದ್ಧರ ಪವಿತ್ರ ಗ್ರಂಥಗಳಲ್ಲಿ ಅದು ನಿಂತಿದೆ. ಸ್ಪೇನಿನಲ್ಲಿ ಶಾಲೆಗೆ ‘ಎಸ್ಕುವೇಲ’, ಸ್ಟೇಷನ್ನಿಗೆ ‘ಎಸ್ತಾಸ್ಯೋನ್’. ಎರಡಕ್ಕೂ ಮೂಲವಾದ ಲ್ಯಾಟಿನ್ ಮಾತುಗಳಲ್ಲಿ ಆ ‘ಎ’ ಇರಲಿಲ್ಲ. ಫ್ರೆಂಚರು ಇನ್ನೂ ಮುಂದೆ ಹೋದರು. ಅವರ ‘ಎಕೋಲ್’ನಲ್ಲಿ ಹಳೆಯ ‘ಸ್’ ಹೋಗಿಬಿಟ್ಟಿದೆ, ಹೊರಗಿಂದ ಬಂದ ‘ಎ’ ಮಾತ್ರ ಉಳಿದಿದೆ. ಸ್ಪೇನಿನ ಮೇಷ್ಟ್ರು ಯಾರೂ ಇದಕ್ಕಾಗಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ. ಅಲ್ಲಿ ಅದೇ ಸರಿಯಾದ ಮಾತು.

ವ್ಯಂಜನಗಳೂ ಹೀಗೆ ನಡುವೆ ಹುಟ್ಟುತ್ತವೆ. ‘ತಾಮ್ರ’ ಎಂದು ಎರಡು ಸಲ ಬೇಗ ಹೇಳಿ ನೋಡಿ. ‘ಮ್’ ಹೇಳುವಾಗ ತುಟಿ ಮುಚ್ಚಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತಿರುತ್ತದೆ. ‘ರ’ಕ್ಕೆ ಹೋಗಲು ತುಟಿ ತೆರೆಯಬೇಕು, ಮೂಗಿನ ದಾರಿ ಮುಚ್ಚಬೇಕು. ಮೂಗಿನ ದಾರಿ ಒಂದು ಚೂರು ಮೊದಲು ಮುಚ್ಚಿದರೆ ಅಲ್ಲಿ ಒಂದು ‘ಬ’ ತಾನಾಗೇ ಬರುತ್ತದೆ. ತಾಂಬ್ರ. ಹಿಂದಿಯ ತಾಂಬಾದಲ್ಲಿ ಇರುವುದೂ ಅದೇ ‘ಬ’. ನಮ್ಮಜ್ಜಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದದ್ದು ತಾಂಬ್ರದ ಹಂಡೆಯನ್ನೇ.

ಇಷ್ಟೆಲ್ಲ ಸದ್ದುಗಳು ಸಲೀಸಿಗಾಗಿ ಬಂದವು. ಒಂದು ಸದ್ದು ಮಾತ್ರ ಹೆದರಿಕೆಯಿಂದ ಸೇರುತ್ತದೆ. ಅದನ್ನು ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ.

ನಮ್ಮ ಕಡೆ ‘ಹ’ ಬಿಡುತ್ತೇವೆ. ಹಾಲು ಆಲು, ಹಸು ಅಸ, ಹೋಗು ಓಗು. ಹಳಗನ್ನಡದ ಪಾಲು ಹಾಲಾಗಿ, ಹಾಲು ಆಲಾಯಿತು. ಒಂದೇ ದಾರಿಯಲ್ಲಿ ಮುಂದಿನ ಹೆಜ್ಜೆ. ಪೇಟೆಯ ಕಾಲೇಜಿಗೆ ಹೋದಾಗ ನಮ್ಮೂರಿನ ಒಬ್ಬಳು ಹುಡುಗಿ ಇದಕ್ಕಾಗಿ ತುಂಬ ನಗೆಪಾಟಲಾದಳು. ಆಮೇಲೆ ಅವಳು ಪ್ರತಿ ಮಾತಿಗೂ ಮುಂಚೆ ಒಂದು ಗಳಿಗೆ ನಿಂತು ಯೋಚಿಸಲು ಶುರು ಮಾಡಿದಳು. ಇಲ್ಲಿ ‘ಹ’ ಇದೆಯಾ, ಇಲ್ಲವಾ? ಅನುಮಾನ ಬಂದ ಕಡೆಯಲ್ಲೆಲ್ಲ ಇರಲಿ ಎಂದು ‘ಹ’ ಹಾಕಿದಳು. ಆನೆ ಹಾನೆ ಆಯಿತು, ಆಕಾಶ ಹಾಕಾಶ ಆಯಿತು. ಅದಕ್ಕೆ ಜನ ಇನ್ನೂ ಜಾಸ್ತಿ ನಕ್ಕರು. ಕಡೆಗೆ ಅವಳು ಗುಂಪಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದಳು. ‘ಭಕುತಿ’ಯ ‘ಉ’ ಬರುವಾಗ ನಾಲಿಗೆ ಹಗುರವಾಗಿರುತ್ತದೆ. ‘ಹಾನೆ’ಯ ‘ಹ’ ಬರುವಾಗ ಮೈ ಬೆವರಿರುತ್ತದೆ. ಟೀವಿಯಲ್ಲಿ ವಾರ್ತೆ ಓದುವವರು ‘ಹಾರ್ದಿಕ’ವನ್ನು ‘ಹಾರ್ಧಿಕ’ ಎಂದಾಗಲೂ ನನಗೆ ಆ ಹುಡುಗಿಯ ನೆನಪಾಗುತ್ತದೆ. ಅವರನ್ನೂ ಯಾರೋ ಎಲ್ಲೋ ಮಹಾಪ್ರಾಣಕ್ಕಾಗಿ ಎಬ್ಬಿಸಿ ನಿಲ್ಲಿಸಿರಬೇಕು.

ಮಕ್ಕಳಿಗೆ ‘ಸ್ಕೂಲ್’ ಎಂದು ಹೇಳಲು, ‘ಹಾಲು’ ಎಂದು ಬರೆಯಲು ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಪೇಟೆಯಲ್ಲಿ ಬದುಕಲು ಅದು ಬೇಕು. ಆದರೆ ಕಲಿಸುವ ಮುಂಚೆ, ನಿನ್ನ ನಾಲಿಗೆ ಮಾಡಿದ್ದು ಇದು, ಇಂಥ ಕಾರಣಕ್ಕೆ ಮಾಡಿತು, ನಿನ್ನ ತಾತ ಹಾಡುವಾಗ ಮಾಡುವುದೂ ಇದನ್ನೇ ಎಂದು ಒಂದು ಮಾತು ಹೇಳಬಹುದಿತ್ತು. ಆ ದಿನ ಅಷ್ಟು ಹೇಳಿದ್ದರೆ ಕ್ಲಾಸು ನಗುತ್ತಿರಲಿಲ್ಲ.

ಹೋದ ವರ್ಷ ಊರ ಹಬ್ಬಕ್ಕೆ ಹೋಗಿದ್ದೆ. ತಾತ ಈಗಿಲ್ಲ. ಭಜನೆಯಲ್ಲಿ ಅವರು ಕೂರುತ್ತಿದ್ದ ಜಾಗದಲ್ಲಿ ನನ್ನ ಗೆಳೆಯ ಕೂತಿದ್ದ. ಕಂಠ ತಾತನಷ್ಟು ದೊಡ್ಡದಲ್ಲ, ಆದರೆ ‘ಕು’ ಮೇಲೆ ನಿಲ್ಲುವ ರೀತಿ ಅದೇ. ಮಂಗಳಾರತಿ ಆದಮೇಲೆ ಪಕ್ಕಕ್ಕೆ ಕರೆದು ಕೂರಿಸಿಕೊಂಡ. ಕೈಗೆ ಚರುಪು ಇಟ್ಟ.

“ಮಗೀನ ಯಾವ ಇಸ್ಕೂಲ್ಗೆ ಆಕಿದ್ದೀಯ?” ಎಂದು ಕೇಳಿದ.

“ಮನೆ ಹತ್ರಾನೇ ಒಂದು ಇಸ್ಕೂಲೈತೆ ಕಣ್ಲಾ,” ಎಂದೆ. “ನಡ್ಕೊಂಡೇ ಓಯ್ತಾಳೆ.”

ಅವನು ತಲೆಯಾಡಿಸಿ, ತಾಳ ಕೈಗೆತ್ತಿಕೊಂಡು, ಇನ್ನೊಂದು ಪದ ಶುರು ಮಾಡಿದ.